ಪ್ರಾರ್ಥನೆ ವೇಳೆ ಮಗಳು ಸುಮ್ನೆ ನಿಲ್ಲುತ್ತಾಳೆ, "ಸಂಸ್ಕಾರ ಇಲ್ಲ" ಅನ್ನುತ್ತಿದ್ದಾರೆ. ಏನು ಮಾಡಲಿ?

ಆರನೇ ಕ್ಲಾಸಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನೂ ನನ್ನ ಗಂಡನೂ ದೇವರನ್ನು ನಂಬುವುದಿಲ್ಲ. ಅದನ್ನು ಸಾರಿಕೊಂಡು ತಿರುಗುವವರೂ ಅಲ್ಲ. ಅತ್ತೆ ಮಾವ ನಂಬುತ್ತಾರೆ, ಅವರ ಪೂಜೆಗೆ ನಾವು ಯಾವತ್ತೂ ಅಡ್ಡ ಬಂದಿಲ್ಲ. ಮಗಳಿಗೆ 11 ವರ್ಷ. ಅವಳಿಗೆ ನಾವು ಹೇಳಿರುವುದು ಇಷ್ಟೇ: ಎರಡೂ ಕಡೆಯವರ ಮಾತು ಕೇಳು, ನೀನೇ ಯೋಚನೆ ಮಾಡು, ಅವಸರ ಇಲ್ಲ.

ಎರಡು ತಿಂಗಳಿಂದ ಅವಳು ಶಾಲೆಯ ಬೆಳಗಿನ ಪ್ರಾರ್ಥನೆ ಹಾಡುತ್ತಿಲ್ಲ. ಕೈ ಮುಗಿಯುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಸಾಲಿನಲ್ಲಿ ನೆಟ್ಟಗೆ ನಿಂತಿರುತ್ತಾಳೆ, ಅಷ್ಟೇ. ನಾವು ಹೇಳಿಕೊಟ್ಟಿದ್ದಲ್ಲ ಇದು. ಯಾಕೆ ಅಂತ ಕೇಳಿದ್ದಕ್ಕೆ "ನಂಬಿಕೆ ಇಲ್ಲದೆ ಹೇಳಿದರೆ ಸುಳ್ಳು ಹೇಳಿದ ಹಾಗೆ ಅಲ್ವಾ ಅಮ್ಮ" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಳೆದ ವಾರ ಟೀಚರ್ ಅವಳನ್ನು ಕ್ಲಾಸಿನ ಮುಂದೆ ನಿಲ್ಲಿಸಿ "ದೇವರ ಭಯ ಇಲ್ಲದವರಿಗೆ ತಪ್ಪು ಯಾವುದು ಸರಿ ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಮನೆಯಲ್ಲಿ ಸಂಸ್ಕಾರ ಕಲಿಸಿಲ್ಲವಾ?" ಅಂತ ಕೇಳಿದರಂತೆ. ಮರುದಿನ, ಮೂರು ವರ್ಷದಿಂದ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಬೇರೆ ಬೆಂಚಿಗೆ ಹೋದಳು. ಅವಳ ಮನೆಯಲ್ಲಿ ಹೇಳಿದ್ದಾರಂತೆ. ಮಗಳು ಅತ್ತಿದ್ದು ಟೀಚರ್ ಮಾತಿಗಲ್ಲ, ಇದಕ್ಕೆ.

ನನ್ನ ಪ್ರಶ್ನೆ ಎರಡು. ಪ್ರಾರ್ಥನೆ ಮಾಡಲೇಬೇಕು ಅಂತ ಶಾಲೆ ಒತ್ತಾಯ ಮಾಡಬಹುದಾ? ಇನ್ನೊಂದು, ದೇವರನ್ನು ನಂಬದವರು ಅಂದರೆ ಕೆಟ್ಟವರು ಅನ್ನುವ ಈ ಭಾವನೆಯನ್ನು 11 ವರ್ಷದ ಮಗುವಿಗೆ ನಾನು ಹೇಗೆ ವಿವರಿಸಲಿ?

ದಾರಿಹೋಕ

ಎರಡು ನಿಮಿಷ ಕೈ ಮುಗಿದರೆ ಏನು ಕಳೆದುಹೋಗುತ್ತದೆ ಮೇಡಂ? ಮಗುವಿಗೆ ಒಂಟಿಯಾಗಿ ಇರುವ ಕಷ್ಟ ತಪ್ಪುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಜಗಳ ಬೇಡ.

ಹಿಂದಿನ ಬೆಂಚು

ಸಣ್ಣ ವಿಷಯ ಆದರೆ ಟೀಚರ್ ಯಾಕೆ ಬಿಡಲಿಲ್ಲ? ಸಣ್ಣದು ಅನ್ನುವ ಮಾತನ್ನು ಯಾವಾಗಲೂ ಮಗುವಿಗೇ ಹೇಳುತ್ತೇವೆ, ದೊಡ್ಡವರಿಗೆ ಹೇಳುವುದಿಲ್ಲ.

ಕಪ್ಪುಕೋಟು

ಮೊದಲ ಪ್ರಶ್ನೆಗೆ ಕಾನೂನಿನ ಉತ್ತರ ಇದೆ, ಅದನ್ನು ಹೇಳುತ್ತೇನೆ.

ಸಂವಿಧಾನದ 28ನೇ ವಿಧಿ ಓದಿ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಯೇ ಇರಬಾರದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಇರಬಹುದು, ಆದರೆ ಯಾರನ್ನೂ ಒತ್ತಾಯ ಮಾಡುವಂತಿಲ್ಲ. ಬೋಧನೆಗೂ ಒತ್ತಾಯ ಇಲ್ಲ, ಪೂಜೆ ಪ್ರಾರ್ಥನೆಗೂ ಇಲ್ಲ. ಮಗು ಅಪ್ರಾಪ್ತ ವಯಸ್ಸಿನದಾದರೆ ಪೋಷಕರ ಒಪ್ಪಿಗೆ ಬೇಕು. "ಮಾನ್ಯತೆ" ಅನ್ನುವ ಪದ ಇರುವುದರಿಂದ ಖಾಸಗಿ ಶಾಲೆಗಳೂ ಇದರೊಳಗೆ ಬರುತ್ತವೆ. ಅಂದರೆ ನೀವು ಒಪ್ಪಿಗೆ ಕೊಟ್ಟಿಲ್ಲ ಅಂತ ಒಂದು ಪತ್ರ ಬರೆದರೆ ಸಾಕು, ಒತ್ತಾಯಕ್ಕೆ ಆಧಾರ ಉಳಿಯುವುದಿಲ್ಲ.

ಇನ್ನೊಂದು, 1986ರ ಬಿಜೋಯ್ ಇಮ್ಯಾನುಯೆಲ್ ಪ್ರಕರಣ. ಕೇರಳದಲ್ಲಿ ಒಂದೇ ಮನೆಯ ಮೂರು ಮಕ್ಕಳು. ಶಾಲೆಯಲ್ಲಿ ರಾಷ್ಟ್ರಗೀತೆ ಹಾಡುವಾಗ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಶಾಲೆಯಿಂದ ಹೊರಗೆ ಹಾಕಿದರು. ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟ್ ಅವರನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಹೇಳಿತು. ಸುಮ್ಮನೆ ನಿಂತಿರುವುದು ಅಗೌರವ ಅಲ್ಲ ಅನ್ನುವುದು ಆ ತೀರ್ಪಿನ ತಿರುಳು.

ಶ್ರದ್ಧೆ

ಕಪ್ಪುಕೋಟು ಅವರೇ, ಅದು ರಾಷ್ಟ್ರಗೀತೆಯ ವಿಷಯ, ಪ್ರಾರ್ಥನೆಯದ್ದಲ್ಲ. ಎರಡನ್ನೂ ಸೇರಿಸಬೇಡಿ. ಅಲ್ಲದೆ ಆ ಮಕ್ಕಳು ನಾಸ್ತಿಕರೂ ಅಲ್ಲ. ಅವರು ಯೆಹೋವನ ಸಾಕ್ಷಿಗಳು ಅನ್ನುವ ಪಂಥದವರು, ತುಂಬಾ ದೈವಭಕ್ತರು.

ಕಪ್ಪುಕೋಟು

ಎರಡೂ ಮಾತು ಸರಿ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೆ ನೀವು ಹೇಳಿದ ಎರಡನೇ ಮಾತೇ ನನಗೆ ಮುಖ್ಯ ಅನ್ನಿಸುವುದು. ಕೋರ್ಟ್ ತೀರ್ಪು ಕೊಟ್ಟಿದ್ದು 19ನೇ ಮತ್ತು 25ನೇ ವಿಧಿಗಳ ಮೇಲೆ, ಅಂದರೆ ಮಾತಿನ ಸ್ವಾತಂತ್ರ್ಯ ಮತ್ತು ಆತ್ಮಸಾಕ್ಷಿಯ ಸ್ವಾತಂತ್ರ್ಯ. ರಾಷ್ಟ್ರಗೀತೆಗೇ ಬಾಯಿ ತೆರೆಯಲು ಒತ್ತಾಯ ಮಾಡುವಂತಿಲ್ಲ ಅಂದ ಮೇಲೆ ಪ್ರಾರ್ಥನೆಗೆ ಹೇಗೆ ಮಾಡುತ್ತೀರಿ?

ಅಮೆರಿಕದಲ್ಲೂ ಇದೇ ಕಥೆ. ಅದೇ ಪಂಥದ ಮಕ್ಕಳು ಬಾವುಟಕ್ಕೆ ವಂದನೆ ಮಾಡಲಿಲ್ಲ. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-1ರಲ್ಲಿ ಮಕ್ಕಳ ವಿರುದ್ಧ ಹೇಳಿತು. ಆಮೇಲೆ ಆ ಪಂಥದವರ ಮೇಲೆ ಹಲವು ಕಡೆ ಹಲ್ಲೆ ಆಯಿತು. ಮೂರೇ ವರ್ಷದಲ್ಲಿ, 1943ರಲ್ಲಿ, ಅದೇ ಕೋರ್ಟ್ ತನ್ನ ತೀರ್ಪನ್ನು ತಾನೇ ತಿರುಗಿಸಿತು. ಸುಮ್ಮನಿರುವ ಹಕ್ಕನ್ನು ನಾಸ್ತಿಕರಿಗೆ ಗೆದ್ದುಕೊಟ್ಟವರು ಭಕ್ತರು. ಮೇಡಂ, ನಿಮ್ಮ ಮಗಳಿಗೆ ಕೇರಳದ ಆ ಮೂರು ಮಕ್ಕಳ ಕಥೆ ಹೇಳಿ. ಅವಳ ಹಾಗೇ ಸಾಲಿನಲ್ಲಿ ನೆಟ್ಟಗೆ ನಿಂತ ಮಕ್ಕಳು ಅವರು.

ಹಳೇ ಮೇಷ್ಟ್ರು

31 ವರ್ಷ ಪಾಠ ಮಾಡಿದವನು ನಾನು. ನನ್ನ ಮಾತನ್ನು ಸ್ವಲ್ಪ ಕೇಳಿ.

ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗಿನ ಪ್ರಾರ್ಥನೆ ಅಂದರೆ ಸುಮ್ನೆ ಧರ್ಮ ತುರುಕುವುದು ಅಂತ ತಿಳಿಯಬೇಡಿ. ಐದುನೂರು ಮಕ್ಕಳು ಓಡಿ ಬಂದಿರುತ್ತಾರೆ, ಜಗಳ ಆಡಿರುತ್ತಾರೆ, ಕೆಲವರು ಮನೆಯಲ್ಲಿ ಏಟು ತಿಂದು ಬಂದಿರುತ್ತಾರೆ. ಒಟ್ಟಿಗೆ ನಿಂತು ಒಂದು ದನಿಯಲ್ಲಿ ಹಾಡಿದಾಗ ಅವರ ಮನಸ್ಸು ಒಂದು ಹದಕ್ಕೆ ಬರುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನು ಕಿತ್ತುಹಾಕಿದರೆ ಆ ಜಾಗದಲ್ಲಿ ಏನಿಡುತ್ತೀರಿ ಅನ್ನುವುದಕ್ಕೆ ಯಾರೂ ಉತ್ತರ ಹೇಳುವುದಿಲ್ಲ.

ನನ್ನ ಕ್ಲಾಸಿನಲ್ಲೂ ಒಬ್ಬ ಹುಡುಗ ಇದ್ದ, ಪ್ರಾರ್ಥನೆಗೆ ತುಟಿ ಅಲ್ಲಾಡಿಸುತ್ತಿರಲಿಲ್ಲ. ಮೊಂಡ ಅಂದುಕೊಂಡಿದ್ದೆ. ಒಂದು ದಿನ ಕರೆದು ಕೇಳಿದೆ. ಅವನ ತಮ್ಮ ತೀರಿಕೊಂಡಿದ್ದನಂತೆ, ಉಳಿಸು ಅಂತ ಆ ಹಾಡನ್ನೇ ರಾತ್ರಿ ಇಡೀ ಹೇಳಿದ್ದನಂತೆ. ಇನ್ನು ಹೇಳುವುದಿಲ್ಲ ಸರ್ ಅಂದ. ಆವತ್ತಿನಿಂದ ಪ್ರಾರ್ಥನೆಯ ಹೊತ್ತಿಗೆ ಯಾವ ಮಗುವಿನ ತುಟಿಯನ್ನೂ ನಾನು ನೋಡಲಿಲ್ಲ.

ಆರನೇ ಕ್ಲಾಸಿನ ಅಮ್ಮ

ಮೇಷ್ಟ್ರೇ, ಇದನ್ನು ಓದಿ ತುಂಬಾ ಹೊತ್ತು ಏನೂ ಬರೆಯಲಾಗಲಿಲ್ಲ. ಆ ಟೀಚರ್ ನನ್ನ ಮಗಳನ್ನು ಹೀಗೆ ಒಬ್ಬಳನ್ನೇ ಕರೆದು ಕೇಳಿದ್ದರೆ ನಾನು ಇಲ್ಲಿ ಬರೆಯುತ್ತಲೇ ಇರಲಿಲ್ಲ.

ಹಿಂದಿನ ಬೆಂಚು

ಮೇಷ್ಟ್ರೇ, ಆ ಜಾಗದಲ್ಲಿ ಏನಿಡುವುದು ಅಂತ ಕೇಳಿದಿರಿ. ಮೌನ ಇಡಿ. ಎರಡು ನಿಮಿಷ ಪೂರ್ತಿ ಮೌನ. ನಂಬುವವರು ಮನಸ್ಸಿನಲ್ಲೇ ಪ್ರಾರ್ಥಿಸಲಿ, ನಂಬದವರು ಉಸಿರು ಎಣಿಸಲಿ. ಇಲ್ಲವೇ ದಿನಕ್ಕೊಂದು ಮಗು ತನಗೆ ಇಷ್ಟವಾದ ಒಂದು ಪುಟ ಓದಲಿ. ಒಂದೇ ದನಿ ಬೇಕು ಅಂದರೆ ಮರ, ಮಳೆ, ನದಿಯ ಮೇಲೆ ಹಾಡುಗಳಿಲ್ಲವೇ?

ಹಳೇ ಮೇಷ್ಟ್ರು

ಮೌನವನ್ನು ಮಾಡಿ ನೋಡಿದ್ದೇವೆ. ದೊಡ್ಡ ಮಕ್ಕಳಿಗೆ ಚೆನ್ನ. ಒಂದನೇ ಎರಡನೇ ಕ್ಲಾಸಿನವರಿಗೆ ಇಪ್ಪತ್ತು ಸೆಕೆಂಡ್ ದಾಟುವುದಿಲ್ಲ. ಹಾಡಿನ ಮಾತು ಒಪ್ಪುತ್ತೇನೆ.

ಶ್ರದ್ಧೆ

ನಾನು ನಂಬುವವಳು, ಮುಚ್ಚುಮರೆ ಇಲ್ಲ. ನಿಮ್ಮ ಮಗಳಿಗೆ ಆಗಿದ್ದು ಓದಿ ನನಗೂ ಬೇಸರ ಆಯಿತು. ಆದರೆ ಎರಡನೇ ಪ್ರಶ್ನೆಗೆ ನನ್ನದೊಂದು ನೇರ ಉತ್ತರ ಇದೆ, ಕೋಪ ಮಾಡಿಕೊಳ್ಳಬೇಡಿ.

ನಾಸ್ತಿಕರ ಬಗ್ಗೆ ಜನಕ್ಕೆ ಕೆಟ್ಟ ಭಾವನೆ ಯಾಕೆ ಬಂದಿದೆ? ನಮಗೆ ಕಾಣಿಸುವ ನಾಸ್ತಿಕರು ಆನ್‌ಲೈನ್‌ನಲ್ಲಿ ಬೈಯುವವರು ಮಾತ್ರ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ "ದಯವಿಟ್ಟು ಪ್ರಾರ್ಥಿಸಿ" ಅಂತ ಒಂದು ಸಾಲು ಹಾಕಿದ್ದೆ. ಪರಿಚಯವೇ ಇಲ್ಲದ ಒಬ್ಬರು ಬಂದು "ಡಾಕ್ಟರ್‌ಗೆ ದುಡ್ಡು ಕೊಟ್ಟು ದೇವರಿಗೆ ಥ್ಯಾಂಕ್ಸ್ ಹೇಳುವ ಮೂರ್ಖರು" ಅಂತ ಬರೆದರು. ಅವತ್ತು ರಾತ್ರಿ ನಾನು ಐಸಿಯು ಹೊರಗೆ ಕೂತಿದ್ದೆ. ಆ ಸಾಲು ಇವತ್ತಿಗೂ ನೆನಪಿದೆ. ಇದೂ ಒಂದು ಕಾರಣ ಅಲ್ವಾ?

ಅಂಕಿ ಹುಡುಕುವವ

ಶ್ರದ್ಧೆ ಅವರೇ, ಅವರು ಮಾಡಿದ್ದು ಕ್ರೂರತನ. ನಾನೂ ನಾಸ್ತಿಕ, ಅವರ ಪರ ಒಂದು ಮಾತೂ ಆಡುವುದಿಲ್ಲ.

ಆದರೆ ಕಾರಣ ಅದೊಂದೇ ಆಗಿರಲು ಸಾಧ್ಯವಿಲ್ಲ, ಯಾಕೆಂದರೆ ಈ ಅಪನಂಬಿಕೆ ಇಂಟರ್‌ನೆಟ್‌ಗಿಂತ ತುಂಬಾ ಹಳೆಯದು. 1958ರಲ್ಲಿ ಗ್ಯಾಲಪ್ ಸಂಸ್ಥೆ ಅಮೆರಿಕದವರನ್ನು ಕೇಳಿತ್ತು: ನಿಮ್ಮದೇ ಪಕ್ಷ ಒಬ್ಬ ಅರ್ಹ ನಾಸ್ತಿಕರನ್ನು ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದರೆ ಮತ ಹಾಕುತ್ತೀರಾ? ಹೌದು ಅಂದವರು ಶೇ. 18. ಅದೇ ಪ್ರಶ್ನೆಗೆ 2019ರಲ್ಲಿ ಶೇ. 60 ಹೌದು ಅಂದರು. ಅಂದರೆ ಆನ್‌ಲೈನ್ ಬೈಗುಳ ಜಾಸ್ತಿ ಆದ ಕಾಲದಲ್ಲೇ ಅಪನಂಬಿಕೆ ಕಡಿಮೆ ಆಗಿದೆ.

ಇನ್ನೊಂದು ಅಧ್ಯಯನ ನನ್ನನ್ನು ತುಂಬಾ ಕಾಡಿದ್ದು. 2017ರಲ್ಲಿ ಬಂದಿದ್ದು, 13 ದೇಶಗಳ 3 ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ್ದು. ಚಿಕ್ಕಂದಿನಲ್ಲಿ ಪ್ರಾಣಿಗಳಿಗೆ ಹಿಂಸೆ ಕೊಟ್ಟು, ದೊಡ್ಡವನಾದ ಮೇಲೆ ಮನೆಯಿಲ್ಲದವರನ್ನು ಕೊಲ್ಲುವ ಒಬ್ಬನ ಕಥೆ ಓದಿಸಿದರು. ಅರ್ಧ ಜನಕ್ಕೆ ಕೇಳಿದ್ದು: ಇವನು ಶಿಕ್ಷಕನೇ, ಅಥವಾ ದೇವರನ್ನು ನಂಬುವ ಶಿಕ್ಷಕನೇ? ಇನ್ನರ್ಧ ಜನಕ್ಕೆ: ಶಿಕ್ಷಕನೇ, ಅಥವಾ ದೇವರನ್ನು ನಂಬದ ಶಿಕ್ಷಕನೇ? ತರ್ಕದ ಪ್ರಕಾರ ಎರಡಕ್ಕೂ "ಶಿಕ್ಷಕ" ಅನ್ನುವುದೇ ಸರಿ ಉತ್ತರ, ಯಾಕೆಂದರೆ ನಂಬುವ ಶಿಕ್ಷಕನೂ ನಂಬದ ಶಿಕ್ಷಕನೂ ಶಿಕ್ಷಕರೇ. ಆದರೆ ಜನ ತಪ್ಪು ಉತ್ತರದ ಕಡೆ ಜಾರಿದ್ದು "ನಂಬದ" ಅನ್ನುವ ಪದ ಇದ್ದಾಗ ಸುಮಾರು ಎರಡು ಪಟ್ಟು ಜಾಸ್ತಿ. ನಾಸ್ತಿಕರೂ ಹಾಗೇ ಉತ್ತರ ಕೊಟ್ಟರು! ನಮ್ಮ ಬಗ್ಗೆ ನಮಗೇ ಆ ಅನುಮಾನ ಇದೆ. ಅಷ್ಟು ಆಳಕ್ಕೆ ಇಳಿದಿದೆ ಅದು.

ಆದ್ದರಿಂದ ಆ ಟೀಚರ್ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರು ಕೇಳಿದ ಪ್ರಶ್ನೆಯನ್ನು ಜಗತ್ತಿನ ಬಹಳ ಜನ ಮನಸ್ಸಿನಲ್ಲೇ ಕೇಳುತ್ತಿರುತ್ತಾರೆ.

ಶ್ರದ್ಧೆ

ನಾಸ್ತಿಕರೂ ಹಾಗೇ ಹೇಳಿದ್ದು ನಿಜವಾಗಿಯೂ ಆಶ್ಚರ್ಯ. ಯೋಚನೆ ಮಾಡುತ್ತೇನೆ.

ದಾರಿಹೋಕ

ಸರಿ, ಆದರೆ ಟೀಚರ್ ಪ್ರಶ್ನೆಗೆ ಉತ್ತರ ಏನು? ದೇವರ ಭಯ ಇಲ್ಲದಿದ್ದರೆ ಯಾರೂ ನೋಡದಾಗ ಮನುಷ್ಯ ಯಾಕೆ ಸರಿ ಇರಬೇಕು?

ಅಂಕಿ ಹುಡುಕುವವ

ನೀವು ಯಾಕೆ ಸರಿ ಇರುತ್ತೀರಿ? ಯಾರೂ ನೋಡದ ಜಾಗದಲ್ಲಿ ಬಿದ್ದು ಅಳುತ್ತಿರುವ ಮಗುವನ್ನು ಎತ್ತುವಾಗ ಮೊದಲು ನರಕ ನೆನಪಾಗುತ್ತದಾ? ಮಗುವಿನ ಅಳು ಕೇಳಿಸುತ್ತದೆ, ಎತ್ತುತ್ತೀರಿ. ನನಗೂ ಅದೇ ಅಳು ಕೇಳಿಸುತ್ತದೆ.

ಮೂಲೆ ಮನೆ ರಾಯರು

ಉದಾಹರಣೆ ಬೇಕು ಅಂದರೆ ದೂರ ಹೋಗಬೇಕಿಲ್ಲ. ಎಚ್. ನರಸಿಂಹಯ್ಯನವರನ್ನು ನೆನಪಿಸಿಕೊಳ್ಳಿ. ಮದುವೆಯಾಗದೆ, ವಿದ್ಯಾರ್ಥಿಗಳ ಹಾಸ್ಟೆಲ್ಲಿನ ಕೋಣೆಯಲ್ಲೇ ಬದುಕಿದ ಮೇಷ್ಟ್ರು, ಗಾಂಧಿವಾದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡಗಳನ್ನು ಪರೀಕ್ಷೆ ಮಾಡಲು 1976ರಲ್ಲಿ ಸಮಿತಿ ಮಾಡಿದ ವಿಚಾರವಾದಿ. ಪ್ರಶ್ನೆ ಕೇಳುವವರಿಗೆ ಸಂಸ್ಕಾರ ಇರುವುದಿಲ್ಲ ಅಂತ ಅವರ ಬದುಕನ್ನು ಬಲ್ಲವರ ಮುಂದೆ ಹೇಳಲು ಆಗುತ್ತದಾ?

ಆಂಧ್ರದ ಗೋರಾ ಅವರೂ ಹಾಗೇ. ಪೂರ್ತಿ ಹೆಸರು ಗೋಪರಾಜು ರಾಮಚಂದ್ರ ರಾವ್. ಸಸ್ಯಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಅಂತ ಬಹಿರಂಗವಾಗಿ ಹೇಳಿದ್ದಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡರು. 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿ, ಅಸ್ಪೃಶ್ಯತೆ ಹೋಗಲಿ ಅಂತ ಎಲ್ಲ ಜಾತಿಯವರನ್ನೂ ಒಟ್ಟಿಗೆ ಊಟಕ್ಕೆ ಕೂರಿಸಿದರು. ಗಾಂಧೀಜಿ ಜೊತೆ ದೇವರ ಬಗ್ಗೆ ವಾದ ಮಾಡುತ್ತಲೇ ಅವರ ಆಶ್ರಮದಲ್ಲಿ ಕೆಲಸ ಮಾಡಿದವರು. ಇಬ್ಬರಿಗೂ ಅದರಿಂದ ಕಷ್ಟ ಆಗಲಿಲ್ಲ.

ಪದಪ್ರೇಮಿ

ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕ್ಷಮಿಸಿ. "ನಾಸ್ತಿಕ" ಅನ್ನುವ ಪದದಲ್ಲೇ ಅರ್ಧ ಸಮಸ್ಯೆ ಇದೆ.

ನಾವು ಈಗ ಅದನ್ನು ದೇವರನ್ನು ನಂಬದವನು ಅನ್ನುವ ಅರ್ಥದಲ್ಲಿ ಬಳಸುತ್ತೇವೆ. ಹಳೆಯ ಅರ್ಥ ಬೇರೆ. ಪಾಣಿನಿಯ ವ್ಯಾಕರಣದ ಸೂತ್ರಕ್ಕೆ ಕೊಡುವ ಅರ್ಥದಲ್ಲಿ ಪರಲೋಕ ಇಲ್ಲ ಅನ್ನುವವನು ನಾಸ್ತಿಕ. ಮನುಸ್ಮೃತಿಯಲ್ಲಿ ವೇದವನ್ನು ನಿಂದಿಸುವವನು ನಾಸ್ತಿಕ. ಆ ಲೆಕ್ಕದಲ್ಲಿ ಬೌದ್ಧರೂ ಜೈನರೂ ನಾಸ್ತಿಕರ ಪಟ್ಟಿಗೆ ಸೇರುತ್ತಾರೆ. ಜಗತ್ತನ್ನು ಸೃಷ್ಟಿ ಮಾಡಿದ ದೇವರನ್ನು ಒಪ್ಪದ ಮೀಮಾಂಸಕರು ವೇದ ಒಪ್ಪಿದ್ದರಿಂದ ಆಸ್ತಿಕರು! ಹಳೆಯ ಸಾಂಖ್ಯ ದರ್ಶನದವರ ಕಥೆಯೂ ಅದೇ. ಪರಲೋಕ, ವೇದ, ದೇವರು ಯಾವುದನ್ನೂ ಒಪ್ಪದ ಚಾರ್ವಾಕರು ಮಾತ್ರ ಎಲ್ಲ ಲೆಕ್ಕದಲ್ಲೂ ನಾಸ್ತಿಕರೇ.

ಅಂದರೆ ಈ ಪದ ಮೊದಲಿನಿಂದಲೂ "ನಮ್ಮವರಲ್ಲ" ಅಂತ ಹೊರಗಿಡುವ ಪದ. ಅದಕ್ಕೇ ಅದು ಬೈಗುಳದ ಹಾಗೆ ಕೇಳಿಸುವುದು. ನಿರೀಶ್ವರವಾದಿ ಅಂದರೆ ಯಾರೂ ಬೆಂಚು ಬದಲಾಯಿಸುವುದಿಲ್ಲ.

ಹಿಂದಿನ ಬೆಂಚು

ನಿರೀಶ್ವರವಾದಿ ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ, ಅದಕ್ಕೇ ಬದಲಾಯಿಸುವುದಿಲ್ಲ ಪದಪ್ರೇಮಿಗಳೇ. ಹೆಸರು ಬದಲಾಯಿಸಿದರೆ ಎರಡು ವರ್ಷದಲ್ಲಿ ಅದೂ ಬೈಗುಳ ಆಗುತ್ತದೆ. ನಾಸ್ತಿಕ ಅನ್ನುವ ಪದವನ್ನೇ ತಲೆ ಎತ್ತಿ ಹೇಳಬೇಕು.

ಪದಪ್ರೇಮಿ

ನಿಮ್ಮ ಮಾತಿನಲ್ಲೂ ಸತ್ಯ ಇದೆ. ಆದರೆ 11 ವರ್ಷದ ಮಗುವಿಗೆ ಯಾವ ಪಟ್ಟಿಯೂ ಬೇಡ. ಅವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ, ಅಷ್ಟೇ ಸಾಕು.

ಕಡಲಾಚೆ

ನಾನಿರುವ ಕಡೆಯ ಅನುಭವಕ್ಕಿಂತ ಬೇರೆ ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ ಅಂತ ಹೇಳುತ್ತೇನೆ, ಉಪಯೋಗಕ್ಕೆ ಬರಬಹುದು.

ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆ ದಿನಾ ಸಾಮೂಹಿಕ ಪ್ರಾರ್ಥನೆ ಕಡ್ಡಾಯ ಮಾಡಿತು, ಜೊತೆಗೇ ಮಗುವನ್ನು ಅದರಿಂದ ಬಿಡಿಸುವ ಹಕ್ಕನ್ನು ಪೋಷಕರಿಗೆ ಕೊಟ್ಟಿತು. ಫ್ರಾನ್ಸ್ ಇದಕ್ಕೆ ತದ್ವಿರುದ್ಧ: 1882ರಲ್ಲೇ ಸರ್ಕಾರಿ ಶಾಲೆಯ ಪಾಠದಿಂದ ಧರ್ಮಬೋಧನೆ ತೆಗೆಯಿತು, ಧರ್ಮದ ಪಾಠ ಬೇಕಾದವರು ಹೊರಗೆ ಕಲಿಯಲಿ ಅಂತ ವಾರದಲ್ಲಿ ಒಂದು ದಿನ ಬಿಟ್ಟಿತು. 2004ರಲ್ಲಿ ಮಕ್ಕಳು ಧರ್ಮದ ಗುರುತು ಎದ್ದು ಕಾಣುವ ಹಾಗೆ ಧರಿಸುವುದನ್ನೂ ನಿಲ್ಲಿಸಿತು. ಇದು ನನಗೆ ಸರಿ ಅನ್ನಿಸುವುದಿಲ್ಲ. ಶಾಲೆ ಪ್ರಾರ್ಥನೆ ಮಾಡಿಸಬಾರದು ಅನ್ನುವುದು ಬೇರೆ, ಮಗುವಿನ ತಲೆಯ ಮೇಲಿನ ಬಟ್ಟೆ ತೆಗೆಸುವುದು ಬೇರೆ.

ನಿಮ್ಮ ಪ್ರಶ್ನೆಗೆ ಹತ್ತಿರದ್ದು ನಾರ್ವೆ. ಅಲ್ಲಿ ಎಲ್ಲ ಮಕ್ಕಳಿಗೂ ಧರ್ಮದ ಒಂದು ವಿಷಯ ಕಡ್ಡಾಯ ಮಾಡಿದ್ದರು, ಕೆಲವು ಭಾಗಗಳಿಂದ ಮಾತ್ರ ವಿನಾಯಿತಿ ಕೇಳಬಹುದಿತ್ತು. ಧರ್ಮದ ಬದಲು ಮಾನವೀಯ ಮೌಲ್ಯಗಳನ್ನು ನಂಬುವ ಮಾನವತಾವಾದಿ ಪೋಷಕರು ಕೋರ್ಟಿಗೆ ಹೋದರು. 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ವಿನಾಯಿತಿ ಕೇಳುವ ದಾರಿಯೇ ಪೋಷಕರಿಗೆ ಭಾರ ಆಗಿತ್ತು, ಮನೆಯ ನಂಬಿಕೆಯನ್ನು ಶಾಲೆಯ ಮುಂದೆ ಬಿಚ್ಚಿಡಬೇಕಾಗುತ್ತಿತ್ತು. ಈ ಮಾತನ್ನು ಗಮನಿಸಿ. "ಬೇಡವಾದರೆ ಪತ್ರ ಕೊಡಿ" ಅಂದರೆ ಸಾಕು ಅಂತ ನಾವು ಸುಲಭವಾಗಿ ಹೇಳುತ್ತೇವೆ. ಪತ್ರ ಕೊಟ್ಟ ಮೇಲೆ ಇಡೀ ಶಾಲೆಗೆ ಗೊತ್ತಾಗುತ್ತದೆ.

ಫಿನ್‌ಲ್ಯಾಂಡ್‌ನಲ್ಲಿ ಧರ್ಮದ ಗುಂಪಿಗೆ ಸೇರದ ಮಕ್ಕಳಿಗೆ ನೀತಿ ಮತ್ತು ಜೀವನದೃಷ್ಟಿಯ ಬೇರೆ ಪಾಠ ಇದೆ. ಅವರನ್ನು ವರಾಂಡದಲ್ಲಿ ಸುಮ್ನೆ ಕೂರಿಸುವುದಿಲ್ಲ.

ತೇಲುವ ದೋಣಿ

ಅಮೆರಿಕ ಬಿಟ್ಟಿರಿ. ಶಾಲೆ, ನಾಸ್ತಿಕರ ಹೆಸರು ಎರಡೂ ಒಟ್ಟಿಗೆ ಬರುವುದು ಅಲ್ಲೇ. ಶಾಲೆಯಲ್ಲಿ ಪ್ರಾರ್ಥನೆ ನಿಲ್ಲಿಸಿದ್ದು ಮ್ಯಾಡಲಿನ್ ಮರ್ರೆ ಓಹೇರ್ ಅನ್ನುವ ನಾಸ್ತಿಕ ಮಹಿಳೆ. 1963ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಮರುವರ್ಷ ಒಂದು ದೊಡ್ಡ ಪತ್ರಿಕೆ ಅವರನ್ನು ಅಮೆರಿಕದಲ್ಲೇ ಅತಿ ಹೆಚ್ಚು ದ್ವೇಷಕ್ಕೆ ಗುರಿಯಾದ ಹೆಂಗಸು ಅಂತ ಕರೆಯಿತು.

ಕಪ್ಪುಕೋಟು

ಒಂದು ತಿದ್ದುಪಡಿ. ಅವರೊಬ್ಬರೇ ಅಲ್ಲ. ಒಂದು ವರ್ಷ ಮೊದಲೇ, 1962ರಲ್ಲಿ, ನ್ಯೂಯಾರ್ಕಿನ ಪ್ರಕರಣ ಬಂದಿತ್ತು. ರಾಜ್ಯದ ಶಿಕ್ಷಣ ಮಂಡಳಿಯೇ 22 ಪದಗಳ ಒಂದು ಪ್ರಾರ್ಥನೆ ಬರೆದಿತ್ತು, ಯಾವ ಮತಕ್ಕೂ ಸೇರದ ಹಾಗೆ, ಯಾರಿಗೂ ನೋವಾಗದ ಹಾಗೆ. ಆದರೂ ಸರ್ಕಾರ ಪ್ರಾರ್ಥನೆ ಬರೆದುಕೊಡುವ ಕೆಲಸ ಮಾಡಬಾರದು ಅಂತ ಕೋರ್ಟ್ ಹೇಳಿತು. ಹೋರಾಡಿದ ಪೋಷಕರಲ್ಲಿ ಯಹೂದಿಗಳೂ ಇದ್ದರು. 1963ರಲ್ಲಿಯೂ ಮುಖ್ಯ ಪ್ರಕರಣ ಪೆನ್ಸಿಲ್ವೇನಿಯಾದ ಶೆಂಪ್ ಕುಟುಂಬದ್ದು. ಅವರು ಕ್ರೈಸ್ತ ಮೂಲದ ಯೂನಿಟೇರಿಯನ್ ಪಂಥದವರು. ದಿನಾ ಬೈಬಲಿನ 10 ವಚನ ಓದಿಸುವುದನ್ನು ವಿರೋಧಿಸಿದ್ದರು. ಓಹೇರ್ ಅವರ ಪ್ರಕರಣವನ್ನು ಅದರ ಜೊತೆ ಸೇರಿಸಿ ವಿಚಾರಣೆ ಮಾಡಿದರು.

ನೋಡಿ, ಗೆದ್ದವರಲ್ಲಿ ನಂಬುವವರೂ ಇದ್ದರು, ನಂಬದವರೂ ಇದ್ದರು. ಜನರ ಸಿಟ್ಟು ತಿರುಗಿದ್ದು ಹೆಚ್ಚಾಗಿ ಓಹೇರ್ ಅವರ ಕಡೆಗೆ. ಅದೇ ತೀರ್ಪಿನಲ್ಲಿ ಧರ್ಮಗಳ ಬಗ್ಗೆ ಪಾಠ ಮಾಡುವುದಕ್ಕೆ ಅಡ್ಡಿ ಇಲ್ಲ ಅಂತಲೂ ಇದೆ, ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ತೇಲುವ ದೋಣಿ

ಗೊತ್ತಿರಲಿಲ್ಲ. ಇಷ್ಟು ವರ್ಷ ತಪ್ಪಾಗಿ ಹೇಳಿಕೊಂಡು ಬಂದಿದ್ದೇನೆ.

ಮೂಲೆ ಮನೆ ರಾಯರು

ಧರ್ಮಗಳ ಬಗ್ಗೆ ಪಾಠ ಅಂದಿರಲ್ಲ, ನಮ್ಮ ಸುಪ್ರೀಂ ಕೋರ್ಟ್ ಕೂಡ 2002ರಲ್ಲಿ ಅದನ್ನೇ ಹೇಳಿದೆ, ಅರುಣಾ ರಾಯ್ ಪ್ರಕರಣದಲ್ಲಿ. ಧಾರ್ಮಿಕ ಬೋಧನೆ ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. ನನಗೆ ಕೇಳಿದರೆ ನಮ್ಮ ಮಕ್ಕಳಿಗೆ ಧರ್ಮದ ಪಾಠ ಜಾಸ್ತಿ ಬೇಕು, ಕಡಿಮೆ ಅಲ್ಲ. ಪಕ್ಕದ ಮನೆಯವರು ಏನು ನಂಬುತ್ತಾರೆ ಅಂತ ಗೊತ್ತಿರಬೇಕು. ಅದರಲ್ಲಿ ಚಾರ್ವಾಕರಿಗೂ ಬುದ್ಧನಿಗೂ ಒಂದೊಂದು ಪಾಠ ಇರಲಿ.

ಶ್ರದ್ಧೆ

ಒಪ್ಪುತ್ತೇನೆ, ಆದರೆ ಒಂದು ಭಯ ಇದೆ. ಪಾಠ ಮಾಡುವವರು ಯಾರು? ಬೇರೆ ಧರ್ಮದ ಬಗ್ಗೆ ಹೇಳುವಾಗ ಟೀಚರ್ ಮುಖದಲ್ಲಿ ಒಂದು ಸಣ್ಣ ತಾತ್ಸಾರ ಬಂದರೆ ಸಾಕು, ಮಕ್ಕಳು ಅದನ್ನೇ ಕಲಿಯುತ್ತಾರೆ.

ಹಳೇ ಮೇಷ್ಟ್ರು

ಇದು ನಿಜವಾದ ಕಷ್ಟ. ನಮಗೆ ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಡಲಿಲ್ಲ.

ಉಪ್ಪಿನ ಗಾಳಿ

ಇಲ್ಲಿಯವರೆಗೆ ಸುಮ್ನೆ ಓದುತ್ತಿದ್ದೆ. ನಾನು ನಾಸ್ತಿಕಳಲ್ಲ. ಆದರೆ ನನ್ನ ಶಾಲೆಯ ಪ್ರಾರ್ಥನೆ ನನ್ನ ಧರ್ಮದ್ದಾಗಿರಲಿಲ್ಲ. ಹತ್ತು ವರ್ಷ ದಿನಾ ತುಟಿ ಅಲ್ಲಾಡಿಸಿದ್ದೇನೆ, ದನಿ ಬರದ ಹಾಗೆ. ಮನೆಗೆ ಬಂದು ನನ್ನ ದೇವರ ಹತ್ತಿರ ಕ್ಷಮೆ ಕೇಳುತ್ತಿದ್ದೆ. ಅಪ್ಪ ಅಮ್ಮನಿಗೆ ಹೇಳಲಿಲ್ಲ, ಹೇಳಿದರೆ ಶಾಲೆ ಬಿಡಿಸಿಬಿಟ್ಟಾರು ಅನ್ನುವ ಭಯ.

ಎರಡು ನಿಮಿಷಕ್ಕೆ ಏನು ಕಳೆದುಹೋಗುತ್ತದೆ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ನನಗೆ ಗೊತ್ತಿದೆ. ನಿಮ್ಮ ಮಗಳು ನಾನು ಮಾಡಲಾಗದ್ದನ್ನು ಮಾಡಿದ್ದಾಳೆ. ಅವಳಿಗೆ ನನ್ನ ಕಡೆಯಿಂದ ಒಂದು ಅಪ್ಪುಗೆ ಕೊಡಿ.

ದಾರಿಹೋಕ

ಉಪ್ಪಿನ ಗಾಳಿ ಅವರೇ, ಆ ಮಾತು ಬರೆದವನು ನಾನು. ಈ ಕಡೆಯಿಂದ ನಾನು ಯೋಚಿಸಿರಲಿಲ್ಲ. ಆ ಪ್ರಾರ್ಥನೆ ಯಾವಾಗಲೂ ನನ್ನದೇ ಆಗಿತ್ತು, ಅದಕ್ಕೇ ಎರಡು ನಿಮಿಷ ಅಂತ ಅನ್ನಿಸಿತು. ಕ್ಷಮಿಸಿ.

ಹಿಂದಿನ ಬೆಂಚು

ಇನ್ನೊಂದು ಕಿರಿಕಿರಿ, ಅರ್ಜಿ ನಮೂನೆಗಳು. "ಧರ್ಮ" ಅನ್ನುವ ಕಾಲಂನಲ್ಲಿ "ಇಲ್ಲ" ಅಂತ ಬರೆದರೆ ಗುಮಾಸ್ತರು ವಾಪಸ್ ಕೊಡುತ್ತಾರೆ. 2011ರ ಜನಗಣತಿಯಲ್ಲಿ ಧರ್ಮ ಹೇಳದವರು 28 ಲಕ್ಷಕ್ಕೂ ಹೆಚ್ಚು ಇದ್ದರು. ಅವರೆಲ್ಲ ನಾಸ್ತಿಕರು ಅಂತ ನಾನು ಹೇಳುವುದಿಲ್ಲ, ಆದರೆ ಆ ಕಾಲಂ ಖಾಲಿ ಬಿಡುವವರು ಇದ್ದಾರೆ ಅಂತ ಗೊತ್ತಾಗಲಿ.

ಮೂಲೆ ಮನೆ ರಾಯರು

ಹಾಗೆ ನೋಡಿದರೆ ಸಂವಿಧಾನವೇ ಜಾಗ ಬಿಟ್ಟಿದೆ. ಮಂತ್ರಿಗಳ ಪ್ರಮಾಣವಚನದಲ್ಲಿ "ದೇವರ ಹೆಸರಿನಲ್ಲಿ" ಅಂತಲೂ ಹೇಳಬಹುದು, "ಸತ್ಯನಿಷ್ಠೆಯಿಂದ" ಅಂತಲೂ ಹೇಳಬಹುದು. 1949ರ ಅಕ್ಟೋಬರಿನಲ್ಲಿ ಎಚ್. ವಿ. ಕಾಮತ್ ಅವರು ಸಂವಿಧಾನದ ಪ್ರಸ್ತಾವನೆ "ದೇವರ ಹೆಸರಿನಲ್ಲಿ" ಅಂತ ಶುರುವಾಗಲಿ ಅಂದರು. ಸಂವಿಧಾನ ಸಭೆಯಲ್ಲಿ ಮತಕ್ಕೆ ಹಾಕಿದರು. ಪರ 41, ವಿರೋಧ 68. ವಿರೋಧಿಸಿದವರಲ್ಲಿ ದೇವರನ್ನು ನಂಬುವವರೂ ಇದ್ದರು. ದೇವರನ್ನು ಮತಕ್ಕೆ ಹಾಕುವುದೇ ಸರಿಯಲ್ಲ ಅನ್ನುವುದು ಕೆಲವರ ಸಂಕಟವಾಗಿತ್ತು.

ಇಂಗ್ಲೆಂಡಿನ ಚಾರ್ಲ್ಸ್ ಬ್ರಾಡ್ಲಾ ಅವರನ್ನು ನೋಡಿ. 1880ರಲ್ಲಿ ಪಾರ್ಲಿಮೆಂಟ್ ಚುನಾವಣೆ ಗೆದ್ದರೂ ನಾಸ್ತಿಕ ಅನ್ನುವ ಕಾರಣಕ್ಕೆ ಆಣೆಯ ವಿಷಯದಲ್ಲೇ ತಡೆದರು, ಮತ್ತೆ ಮತ್ತೆ ಗೆದ್ದು ಬಂದು 1886ರಲ್ಲಿ ಕುರ್ಚಿ ಸಿಕ್ಕಿತು.

ಕಡಲಾಚೆ

ವಿಷಯ ಎಲ್ಲಿಗೋ ಹೋಯಿತು. ಮೇಡಂ ಕೇಳಿದ್ದು ಮಗಳ ಬಗ್ಗೆ.

ಒಂದು ಮಾತು ಸೇರಿಸುತ್ತೇನೆ. ನಾವೆಲ್ಲ ಪೋಷಕರ ಹಕ್ಕು, ಶಾಲೆಯ ಹಕ್ಕು ಅಂತ ಮಾತಾಡುತ್ತಿದ್ದೇವೆ. ಮಗುವಿನದ್ದು? 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಯೋಚನೆ, ಆತ್ಮಸಾಕ್ಷಿ, ಧರ್ಮದ ಸ್ವಾತಂತ್ರ್ಯವನ್ನು ಮಗುವಿಗೇ ಕೊಡುತ್ತದೆ, ದಾರಿ ತೋರಿಸುವ ಕೆಲಸ ಪೋಷಕರದ್ದು. ಭಾರತವೂ 1992ರಲ್ಲಿ ಅದನ್ನು ಒಪ್ಪಿದೆ. ಜರ್ಮನಿಯಲ್ಲಂತೂ 14 ವರ್ಷ ತುಂಬಿದ ಮಗು ತನ್ನ ಧರ್ಮವನ್ನು ತಾನೇ ತೀರ್ಮಾನ ಮಾಡಬಹುದು, 1921ರಿಂದಲೂ. ಆದ್ದರಿಂದ ಪತ್ರ ಬರೆಯುವ ಮೊದಲು ಅವಳನ್ನೇ ಕೇಳಿ. ನಾಳೆ ಅವಳು ದೇವರನ್ನು ನಂಬುತ್ತೇನೆ ಅಂದರೆ ನೀವೂ ಹೀಗೇ ಅವಳ ಪರ ನಿಲ್ಲುತ್ತೀರಾ ಅಂತಲೂ ನಿಮ್ಮನ್ನೇ ಕೇಳಿಕೊಳ್ಳಿ.

ಆರನೇ ಕ್ಲಾಸಿನ ಅಮ್ಮ

ನಿಲ್ಲುತ್ತೇನೆ. ಮನಸ್ಸಿಗೆ ಸ್ವಲ್ಪ ಕಷ್ಟ ಆಗಬಹುದು, ಆದರೂ ನಿಲ್ಲುತ್ತೇನೆ.

ನೀವು ಹೇಳಿದ ಮೇಲೆ ಮಗಳನ್ನೇ ಕೇಳಿದೆ. ಮೂರು ದಾರಿ ಇಟ್ಟೆ: ಪ್ರಾರ್ಥನೆಯ ಹೊತ್ತಿಗೆ ಕ್ಲಾಸಿನಲ್ಲೇ ಇರುವುದು, ಸಾಲಿನಲ್ಲಿ ಸುಮ್ಮನೆ ನಿಲ್ಲುವುದು, ಎಲ್ಲರ ಜೊತೆ ಹಾಡುವುದು. ಕ್ಲಾಸಿನಲ್ಲೇ ಇರುವುದು ಬೇಡವೇ ಬೇಡ ಅಂದಳು. "ಹಾಗೆ ಮಾಡಿದರೆ ಎಲ್ಲರೂ ನನ್ನನ್ನೇ ನೋಡುತ್ತಾರೆ. ಸಾಲಿನಲ್ಲಿ ನಿಂತರೆ ನಾನೂ ಅವರ ಜೊತೆ ಇರುತ್ತೇನೆ." ಕೇರಳದ ಮೂರು ಮಕ್ಕಳ ಕಥೆ ಹೇಳಿದೆ. ಅವರು ಮತ್ತೆ ಅದೇ ಶಾಲೆಗೆ ಹೋದರಾ, ಗೆಳೆಯರು ಮಾತಾಡಿಸಿದರಾ ಅಂತ ಕೇಳಿದಳು. ಅದು ನನಗೆ ಗೊತ್ತಿಲ್ಲ ಅಂದೆ.

ನಿನ್ನೆ ಹೆಡ್‌ಮಿಸ್ ಹತ್ತಿರ ಹೋಗಿದ್ದೆವು. ಪತ್ರ ಕೈಯಲ್ಲೇ ಇತ್ತು, 28ನೇ ವಿಧಿ ಎಲ್ಲ ಬರೆದಿದ್ದೆ. ಕೊಡುವ ಮೊದಲು ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಸುಮ್ಮನೆ ನಿಲ್ಲಲು ತಮ್ಮ ಅಭ್ಯಂತರ ಇಲ್ಲ, ಕ್ಲಾಸಿನ ಮುಂದೆ ನಿಲ್ಲಿಸಿದ್ದು ಆಗಬಾರದಿತ್ತು ಅಂದರು. ಪತ್ರವನ್ನು ವಾಪಸ್ ತಂದೆ, ಬೀರುವಿನಲ್ಲಿ ಇಟ್ಟಿದ್ದೇನೆ. ಟೀಚರ್ ಇನ್ನೂ ಏನೂ ಹೇಳಿಲ್ಲ. ಅವರ ಜೊತೆ ನಾನೇ ಮಾತಾಡಬೇಕು ಅಂದುಕೊಂಡಿದ್ದೇನೆ.

ಕಪ್ಪುಕೋಟು

ಮಾತಾಡಿದ ದಿನಾಂಕ, ಅವರು ಹೇಳಿದ್ದು, ಎರಡನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಿ ಮೇಡಂ. ಮುಂದಿನ ವರ್ಷ ಹೆಡ್‌ಮಿಸ್ ಬದಲಾಗಬಹುದು.

ಹಳೇ ಮೇಷ್ಟ್ರು

ಟೀಚರ್ ಹತ್ತಿರ ಹೋಗುವಾಗ ಮಗಳನ್ನು ಕರೆದುಕೊಂಡು ಹೋಗಬೇಡಿ, ಒಬ್ಬರೇ ಹೋಗಿ. ಮಗುವಿನ ಎದುರು ತಪ್ಪಾಯಿತು ಅನ್ನುವುದು ನಮ್ಮಂಥವರಿಗೆ ಕಷ್ಟ.

ಶ್ರದ್ಧೆ

ಆ ಗೆಳತಿ?

ಆರನೇ ಕ್ಲಾಸಿನ ಅಮ್ಮ

ಇನ್ನೂ ಬೇರೆ ಬೆಂಚಿನಲ್ಲೇ ಕೂರುತ್ತಾಳೆ. ಆದರೆ ಇವತ್ತು ಪಿಟಿ ಪೀರಿಯಡ್‌ನಲ್ಲಿ ಕಬಡ್ಡಿಗೆ ಟೀಮ್ ಮಾಡುವಾಗ ಇವಳ ಹೆಸರನ್ನೇ ಮೊದಲು ಕೂಗಿದಳಂತೆ. ಮನೆಯಲ್ಲಿ ಹೇಳಬೇಡ ಅಂದಳಂತೆ.

ಶ್ರದ್ಧೆ

ಅವಳ ಅಮ್ಮನ ಪರಿಚಯ ನಿಮಗೆ ಇದೆಯಾ? ಇದ್ದರೆ ಒಂದು ದಿನ ಅವರ ಮನೆಗೆ ಹೋಗಿ ಬನ್ನಿ. ಧರ್ಮ, ದೇವರು ಏನೂ ಎತ್ತಬೇಡಿ. ಸುಮ್ನೆ ಹೋಗಿ ಕೂತು ಮಾತಾಡಿ ಬನ್ನಿ. ಇಲ್ಲಿ ನಿಮ್ಮ ಜೊತೆ ಮಾತಾಡುವ ಮೊದಲು ನನಗೂ ನಿಮ್ಮಂಥ ಒಬ್ಬರ ಪರಿಚಯ ಇರಲಿಲ್ಲ.

ಆರನೇ ಕ್ಲಾಸಿನ ಅಮ್ಮ

ಭಾನುವಾರ ಹೋಗುತ್ತೇನೆ.